ಅವ್ವನಿಗೆ ಮುಂಬೈ ಮಸಾಲಾ ಟೋಸ್ಟ್ ತಿನ್ನಿಸಬೇಕು, ಎಲ್ಲಿಗೆ ಕರ್ಕೊಂಡು ಹೋಗಲಿ?

ಡೊಂಬಿವಲಿ_ಧಾರವಾಡ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಧಾರವಾಡದಿಂದ ಅವ್ವ ಬರ್ತಿದ್ದಾಳೆ, ಹತ್ತು ದಿನ ಇರ್ತಾಳೆ. ಹೋದ ಸಲ ಬಂದಾಗ ದಕ್ಷಿಣ ಮುಂಬೈಯ ಫೋರ್ಟ್ ಕಡೆ ಏನೋ ಕೆಲಸ ಇತ್ತು, ಜೊತೆಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಫುಟ್‌ಪಾತಿನಲ್ಲಿ ಒಬ್ಬ ಸ್ಯಾಂಡ್‌ವಿಚ್‌ವಾಲಾ ಮಸಾಲಾ ಟೋಸ್ಟ್, ಅಂದ್ರೆ ಬ್ರೆಡ್ಡಿನ ಮಧ್ಯೆ ಬಟಾಟೆ ಪಲ್ಯ ಇಟ್ಟು ಸುಡುವುದು, ಮಾಡ್ತಿದ್ದ. ಅವ್ವ ನಿಂತು ಐದು ನಿಮಿಷ ಅವನ ಕೈಯನ್ನೇ ನೋಡಿದಳು. ನನಗೆ ಡೊಂಬಿವಲಿ ಫಾಸ್ಟ್ ಲೋಕಲ್ ರೈಲು ಹಿಡಿಯುವ ಅವಸರ, ನಡಿ ನಡಿ ಅಂತ ಎಳಕೊಂಡು ಬಂದುಬಿಟ್ಟೆ. ತಿನ್ನಲೇ ಇಲ್ಲ ಅವಳು. ಆಮೇಲೆ ಫೋನಿನಲ್ಲಿ ಎರಡು ಸಲ ಕೇಳಿದ್ದಾಳೆ, "ಆ ಬ್ರೆಡ್ಡಿನಾವ ಇನ್ನೂ ಅಲ್ಲೇ ಅದಾನೇನು?" ಅಂತ. ಆ ಮಾತು ನನಗೆ ಚುಚ್ಚುತ್ತಾ ಇದೆ. ಈ ಸಲ ತಿನ್ನಿಸದೆ ಕಳಿಸುವುದಿಲ್ಲ.

ತೊಡಕು ಏನಂದ್ರೆ, ಬರುವುದು ಶ್ರಾವಣದಲ್ಲಿ. ಅವಳು ಶ್ರಾವಣ ಪೂರ್ತಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮೊಣಕಾಲು ನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಖಾರಕ್ಕೆ ತೊಂದರೆ ಇಲ್ಲ, ಧಾರವಾಡದವಳು. ಇನ್ನೊಂದು ಭಯವೂ ಇದೆ. ಎರಡು ವರ್ಷದ ಹಿಂದೆ ಇಂಥದ್ದೇ ಮಳೆಗಾಲದಲ್ಲಿ ಒಂದು ಸ್ಟೇಷನ್ ಹೊರಗೆ ನಾನು ಹಸಿ ಸ್ಯಾಂಡ್‌ವಿಚ್ ತಿಂದು ಮೂರು ದಿನ ಹಾಸಿಗೆ ಹಿಡಿದಿದ್ದೆ. ನನಗಾದರೆ ಸರಿ, ಅರವತ್ತೆಂಟು ವರ್ಷದ ಅವ್ವನಿಗೆ ಹಾಗಾಗಬಾರದು.

ಮಸಾಲಾ ಟೋಸ್ಟ್ ಒಳ್ಳೆಯದು ಎಲ್ಲಿ ಸಿಗುತ್ತದೆ, ಏನು ನೋಡಿ ತಿನ್ನಬೇಕು, ಗೊತ್ತಿದ್ದವರು ಹೇಳಿ. ದೊಡ್ಡ ಕೆಫೆ ಬೇಡ. ಅವಳು ನೋಡಿ ಆಸೆಪಟ್ಟದ್ದು ರಸ್ತೆಯ ಟೋಸ್ಟ್, ಅದೇ ಬೇಕು.

ಘಾಟ್ಕೋಪರ್_ಪೂರ್ವ

ನೀವು ಫೋರ್ಟ್ ತನಕ ಹೋಗುವುದೇ ಬೇಡ ಅಣ್ಣ. ಡೊಂಬಿವಲಿಯಿಂದ ಫಾಸ್ಟ್ ಹಿಡಿದು ಘಾಟ್ಕೋಪರಿನಲ್ಲಿ ಇಳೀರಿ, ಪೂರ್ವಕ್ಕೆ ಬನ್ನಿ, ವಲ್ಲಭ ಬಾಗ್ ಲೇನ್ ಅಂತ ಹೇಳಿದ್ರೆ ಯಾವ ಆಟೋದವನೂ ಬಿಡ್ತಾನೆ. ಅದನ್ನೇ ಖಾವು ಗಲ್ಲಿ ಅಂತಾರೆ. ಸಂಜೆ ಆದ್ಮೇಲೆ ರಸ್ತೆ ಪೂರ್ತಿ ತಿಂಡಿ.

ನಿಮ್ಮ ತೊಡಕಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ ಅಂತ ಯಾಕೆ ಹೇಳ್ತೀನಿ ಅಂದ್ರೆ, ಇಲ್ಲಿ ಗುಜರಾತಿಗಳು, ಜೈನರು ಜಾಸ್ತಿ. "ಜೈನ್" ಅಂತ ಒಂದು ಮಾತು ಹೇಳಿದರೆ ಸಾಕು, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಕೊಡ್ತಾರೆ. ಆದರೆ ಒಂದು ನೆನಪಿಡಿ. ಜೈನ್ ಅಂದರೆ ಆಲೂಗಡ್ಡೆ, ಬೀಟ್‌ರೂಟ್ ಕೂಡ ಹೋಗುತ್ತದೆ, ನೆಲದೊಳಗೆ ಬೆಳೆಯುವ ಯಾವುದೂ ಇರುವುದಿಲ್ಲ. ಪಲ್ಯ ಬಾಳೆಕಾಯಿಯದು ಆಗಿರುತ್ತದೆ. ಅದೂ ರುಚಿಯೇ, ಆದರೆ ನಿಮ್ಮ ಅವ್ವ ನೋಡಿದ ಟೋಸ್ಟ್ ಅದಲ್ಲ. ಅದಕ್ಕೆ "ಜೈನ್" ಅನ್ನಬೇಡಿ. "ಕಾಂದಾ ಲಸೂಣ್ ನಹೀ, ಆಲೂ ಚಲೇಗಾ" ಅಂತ ಬಿಡಿಸಿ ಹೇಳಿ. ಚಟ್ನಿಗೆ ಬೆಳ್ಳುಳ್ಳಿ ಹಾಕಿದೆಯಾ ಅಂತ ಬೇರೆಯಾಗಿ ಕೇಳಿ. ಪಲ್ಯಕ್ಕೆ ಈರುಳ್ಳಿ ಮೊದಲೇ ಬೆರೆಸಿ ಇಟ್ಟಿದ್ದಾರಾ ಅಂತಾನೂ ಕೇಳಿ, ಕೆಲವರು ಬೆರೆಸಿರ್ತಾರೆ. ಬೆರೆಸಿದ್ದರೆ ಪಕ್ಕದ ಗಾಡಿಗೆ ಹೋಗಿ, ಗಾಡಿಗಳಿಗೇನು ಕೊರತೆ ಇಲ್ಲ.

ಕೂರಲು ಪ್ಲಾಸ್ಟಿಕ್ ಸ್ಟೂಲ್ ಕೇಳಿದರೆ ಕೊಡ್ತಾರೆ. ಅಮ್ಮನ ವಯಸ್ಸಿನವರು ಬಂದರೆ ಅವರೇ ಎದ್ದು ಕೊಡುವುದನ್ನೂ ನೋಡಿದ್ದೇನೆ. ಶನಿವಾರ, ಭಾನುವಾರ ಮಾತ್ರ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ಫೋರ್ಟ್_ರಾತ್ರಿಶಾಲೆ

ತಮ್ಮಾ, ಘಾಟ್ಕೋಪರ್ ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ಆದರೆ ನಿನ್ನ ತಾಯಿ ಕೇಳಿದ್ದು ಫೋರ್ಟಿನ ಆ ಮನುಷ್ಯನನ್ನು. ಸಾಧ್ಯವಾದರೆ ಅವನ ಹತ್ತಿರವೇ ಕರ್ಕೊಂಡು ಹೋಗು.

ನಾನು 1974ರಲ್ಲಿ ಊರು ಬಿಟ್ಟು ಇಲ್ಲಿಗೆ ಬಂದವನು. ಹಗಲು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಹೋಟೆಲ್ ಹುಡುಗರು ನೂರಾರು ಮಂದಿ ಹಾಗೆ ಓದಿದವರು ಈ ಊರಿನಲ್ಲಿ. ಕೆಲಸ ಬಿಟ್ಟು ಶಾಲೆಗೆ ಹೋಗುವ ಮಧ್ಯೆ ಅರ್ಧ ಗಂಟೆ ಸಿಗುತ್ತಿತ್ತು. ಕೈಯಲ್ಲಿ ಚಿಲ್ಲರೆ ಇದ್ದ ದಿನ ಚಟ್ನಿ ಸ್ಯಾಂಡ್‌ವಿಚ್. ಬೆಣ್ಣೆ, ಹಸಿರು ಚಟ್ನಿ, ಎರಡು ಬ್ರೆಡ್, ಅಷ್ಟೇ. ಸಂಬಳದ ದಿನ ಟೋಸ್ಟ್. ಇದ್ದಿಲಿನ ಒಲೆಯ ಮೇಲೆ ಆ ಉದ್ದ ಹಿಡಿಯ ಟೋಸ್ಟರ್ ತಿರುಗಿಸುವಾಗ ಬ್ರೆಡ್ಡಿನ ಅಂಚು ಸುಡುವ ವಾಸನೆ ಬರ್ತಿತ್ತಲ್ಲ, ಆ ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಕ್ಲಾಸಿನಲ್ಲಿ ಕೂತಾಗಲೂ ಬೆರಳಿಗೆ ಚಟ್ನಿಯ ವಾಸನೆ. ಪುಸ್ತಕದ ಪುಟಕ್ಕೆ ಹಸಿರು ಬೆರಳಚ್ಚು ಬಿದ್ದು ಮೇಷ್ಟ್ರು ಬೈದದ್ದೂ ಉಂಟು.

ಈಗ ಇದ್ದಿಲು ಕಡಿಮೆಯಾಗಿದೆ, ಗ್ಯಾಸ್ ಬಂದಿದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಸೌದೆ, ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಹೊಗೆಯಿಲ್ಲದ ಇಂಧನಕ್ಕೋ ಬದಲಾಗಬೇಕು ಅಂತ ಹೇಳಿತು. ಗಾಳಿಗೆ ಒಳ್ಳೆಯದೇ. ಮುಂಬೈಯ ಹೊಗೆ ಕುಡಿದವರು ಬೇಡ ಅನ್ನಲು ಆಗುವುದಿಲ್ಲ. ಆದರೂ ಪಾವಿನ ಮೇಲ್ಪದರಕ್ಕೆ ಸೌದೆ ಭಟ್ಟಿ ಕೊಡುತ್ತಿದ್ದ ಗರಿಮುರಿ ನನಗೆ ಬೇಕು ಅನ್ನಿಸುತ್ತದೆ.

ದಲಾಲ್ ಸ್ಟ್ರೀಟ್, ಸ್ಟಾಕ್ ಎಕ್ಸ್‌ಚೇಂಜಿನ ಸುತ್ತಮುತ್ತ ನೋಡು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಆಫೀಸಿನವರ ಗದ್ದಲ. ಮೂರೂವರೆ ನಾಲ್ಕಕ್ಕೆ ಹೋಗು, ಖಾಲಿ ಇರುತ್ತದೆ. ಅವನೂ ಸಮಾಧಾನವಾಗಿ ಮಾಡಿಕೊಡ್ತಾನೆ, ತಾಯಿ ನೋಡಲೂಬಹುದು. ಭಾನುವಾರ ಫೋರ್ಟ್ ಬಿಕೋ ಅನ್ನುತ್ತದೆ, ಆ ದಿನ ಹೋಗಬೇಡ. ಚರ್ಚ್‌ಗೇಟ್ ಕಡೆ ಕೆಸಿ, ಜೈ ಹಿಂದ್ ಕಾಲೇಜುಗಳ ಹೊರಗೂ ಒಳ್ಳೆಯವರಿದ್ದಾರೆ. ಕಾಲೇಜಿನ ಹೊರಗಿನ ಗಾಡಿಯನ್ನು ನಂಬಬಹುದು. ಅದೇ ಹುಡುಗರು ದಿನಾ ಬರಬೇಕಲ್ಲ, ಒಂದು ದಿನ ಕೆಟ್ಟದ್ದು ಕೊಟ್ಟರೆ ಮರುದಿನ ಯಾರೂ ಬರುವುದಿಲ್ಲ.

ಮಾಟುಂಗಾ_ಅಡುಗೆಮನೆ

ಸ್ವಲ್ಪ ಉದ್ದ ಬರೀತೇನೆ ಮಾರಾಯ್ರೆ, ಯಾಕಂದ್ರೆ ಎಲ್ಲರೂ ಜಾಗ ಹೇಳಿದ್ರು, ಟೋಸ್ಟಿನ ಒಳಗೆ ಏನಿರಬೇಕು ಅಂತ ಯಾರೂ ಹೇಳಲಿಲ್ಲ. ನಮ್ಮ ಮನೆಯವರು ಮೂವತ್ತು ವರ್ಷ ಹೋಟೆಲ್ ನಡೆಸಿದವರು, ಉಡುಪಿ ಕಡೆಯವರು. ನಮ್ಮಲ್ಲಿ ಇಡ್ಲಿ ದೋಸೆ ಜೊತೆಗೆ ಟೋಸ್ಟ್ ಸ್ಯಾಂಡ್‌ವಿಚ್ ಕೂಡ ಇತ್ತು. ಅದರ ಪಲ್ಯ, ಚಟ್ನಿ ನನ್ನ ಕೈಯದು.

ಮೊದಲು ಬೆಣ್ಣೆ. ಬ್ರೆಡ್ಡಿನ ಮೂಲೆಮೂಲೆಗೂ ಬೆಣ್ಣೆ ತಾಗಬೇಕು. ರುಚಿಗೆ ಮಾತ್ರ ಅಲ್ಲ. ಚಟ್ನಿಯ ನೀರು, ಟೊಮೆಟೊ ನೀರು ಬ್ರೆಡ್ಡಿಗೆ ಇಳಿಯದ ಹಾಗೆ ತಡೆಯುವುದು ಬೆಣ್ಣೆಯೇ. ಮಧ್ಯಕ್ಕೆ ಒಂದು ಗೆರೆ ಎಳೆದು ಬಿಡುವವನ ಟೋಸ್ಟ್ ತಟ್ಟೆಗೆ ಬರುವಾಗಲೇ ಮುದ್ದೆ ಆಗಿರುತ್ತದೆ.

ಆಮೇಲೆ ಚಟ್ನಿ. ಕೊತ್ತಂಬರಿ ಸೊಪ್ಪು ಎಳೆ ದಂಟಿನ ಸಮೇತ, ಪುದೀನ ಅದರ ಕಾಲು ಭಾಗ ಸಾಕು, ಜಾಸ್ತಿ ಆದರೆ ಕಹಿ ಬರುತ್ತದೆ. ಹಸಿಮೆಣಸು, ಜೀರಿಗೆ, ಕಪ್ಪುಪ್ಪು, ಲಿಂಬೆರಸ. ರುಬ್ಬುವಾಗ ಐಸ್ ನೀರು ಹಾಕಬೇಕು, ಇಲ್ಲವಾದರೆ ಮಿಕ್ಸಿಯ ಬಿಸಿಗೆ ಹಸಿರು ಹೋಗಿ ಕಂದು ಬಣ್ಣ ಬರುತ್ತದೆ. ಒಂದು ಹಿಡಿ ಹುರಿಗಡಲೆ ಹಾಕಿದರೆ ಚಟ್ನಿ ದಪ್ಪ ಆಗಿ ಬ್ರೆಡ್ಡಿಗೆ ಅಂಟಿಕೊಳ್ಳುತ್ತದೆ. ಕೆಲವರು ಹುರಿಗಡಲೆಯ ಬದಲು ಬ್ರೆಡ್ಡಿನ ಅಂಚನ್ನೇ ಹಾಕಿ ರುಬ್ಬುತ್ತಾರೆ, ಅದೂ ಆಗುತ್ತದೆ. ಗಾಡಿಯಲ್ಲಿ ಚಟ್ನಿ ಡಬ್ಬಿಯ ಅಂಚಿಗೆ ನೀರು ಬೇರೆಯಾಗಿ ನಿಂತಿದ್ದರೆ, ಬಣ್ಣ ಕಪ್ಪಾಗಿದ್ದರೆ, ಅದು ಬೆಳಗಿನದ್ದು. ಹಾಗೇ ಮುಂದೆ ನಡೆಯಿರಿ.

ಇನ್ನು ಪಲ್ಯ. ಇದನ್ನು ನೋಡಿ ನಿಮ್ಮ ಅಮ್ಮನಿಗೆ ಮನೆಯ ನೆನಪಾಗಿರಬೇಕು ಅಂತ ನನಗೆ ಅನ್ನಿಸುತ್ತದೆ. ಮಸಾಲಾ ಟೋಸ್ಟಿನ ಬಟಾಟೆ ಪಲ್ಯ ನಮ್ಮ ಮಸಾಲೆ ದೋಸೆ ಪಲ್ಯದ ತಂಗಿಯ ಹಾಗೆ. ಸಾಸಿವೆ ಸಿಡಿಸಿ, ಅರಿಶಿನ, ಕರಿಬೇವು, ಹಸಿಮೆಣಸು. ಆದರೆ ದೋಸೆ ಪಲ್ಯಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡ್ತೇವೆ. ಟೋಸ್ಟಿನ ಪಲ್ಯ ಒಣಗಿರಬೇಕು, ಕೈಯಲ್ಲಿ ಹಿಡಿದರೆ ಉಂಡೆ ಆಗಬೇಕು. ನೀರಿದ್ದರೆ ಟೋಸ್ಟರ್ ಒತ್ತಿದ ಕೂಡಲೇ ಬದಿಯಿಂದ ಹೊರಗೆ ಬಂದು ಕರಟುತ್ತದೆ. ಪಲ್ಯದ ಮೇಲೆ ಟೊಮೆಟೊ, ದೊಣ್ಣೆಮೆಣಸಿನ ತೆಳು ಬಿಲ್ಲೆ, ಅದರ ಮೇಲೆ ಸ್ಯಾಂಡ್‌ವಿಚ್ ಮಸಾಲೆ. ಜೀರಿಗೆ, ಬಡೆಸೋಂಪು, ಕಾಳುಮೆಣಸು, ಲವಂಗ, ಚಕ್ಕೆ, ಆಮ್‌ಚೂರ್, ಕಪ್ಪುಪ್ಪು ಸೇರಿಸಿದ ಪುಡಿ ಅದು. ಚಾಟ್ ಮಸಾಲೆಯನ್ನೇ ಉದುರಿಸಿ ಕೊಡುವವರೂ ಇದ್ದಾರೆ. ಹುರಿದು ಮಾಡಿದ ಪುಡಿಯ ಘಮ ಬೇರೆ, ಅದು ಒಂದು ತುತ್ತಿಗೇ ತಿಳಿಯುತ್ತದೆ.

ಗಾಡಿ ಹತ್ತಿರ ನಿಂತು ಅವನ ಎಡಗೈ ನೋಡಿ. ಒಳ್ಳೆಯ ಕೈಯವನು ಟೊಮೆಟೊವನ್ನು ಹಲಗೆ ಮೇಲೆ ಇಡುವುದೇ ಇಲ್ಲ. ಅಂಗೈಯಲ್ಲಿ ಹಿಡಿದು, ತೆಳು ಚಾಕುವಿನಲ್ಲಿ ನೇರ ಬ್ರೆಡ್ಡಿನ ಮೇಲೇ ಕೊಯ್ಯುತ್ತಾ ಹೋಗುತ್ತಾನೆ. ಒಂದೊಂದು ಬಿಲ್ಲೆಯೂ ಹಿಂದಿನದರ ಅಂಚಿನ ಮೇಲೆ ಬೀಳುತ್ತದೆ, ಎಲ್ಲಿಯೂ ಬ್ರೆಡ್ ಕಾಣುವುದಿಲ್ಲ. ಬಿಲ್ಲೆಯ ಆಚೆ ಬೆಳಕು ಕಾಣುವಷ್ಟು ತೆಳು. ನಿಮ್ಮ ಅಮ್ಮ ಐದು ನಿಮಿಷ ನಿಂತು ನೋಡಿದ್ದು ಬಹುಶಃ ಅದನ್ನೇ. ನಾನೂ ನೋಡ್ತೇನೆ, ಈಗಲೂ.

ಮಳೆಗಾಲದ ಮಾತು. ಹಸಿ ಸ್ಯಾಂಡ್‌ವಿಚ್ ಬೇಡವೇ ಬೇಡ. ಸೌತೆಕಾಯಿ, ಟೊಮೆಟೊ ಯಾವ ನೀರಲ್ಲಿ ತೊಳೆದಿದ್ದಾರೋ ಗೊತ್ತಿರುವುದಿಲ್ಲ. ಟೋಸ್ಟ್ ತಗೊಳ್ಳಿ, ಎರಡೂ ಬದಿ ಚೆನ್ನಾಗಿ ಸುಡಲು ಹೇಳಿ. ಟೋಸ್ಟ್ ಮೇಲೆ ಮತ್ತೆ ಹಸಿ ಚಟ್ನಿ ಸುರಿಯುತ್ತಾರೆ, ಅದು ಬೇಡ ಅನ್ನಿ. ಒಳಗಿನ ಚಟ್ನಿಗಾದರೂ ಬಿಸಿ ತಾಗಿರುತ್ತದೆ. ಮೇಲೆ ಸೇವ್ ಹಾಕಿಸಿಕೊಳ್ಳಿ.

ಮಾಟುಂಗಾದಲ್ಲಿ ರುಯಿಯಾ, ಪೋದಾರ್ ಕಾಲೇಜಿನ ಸುತ್ತ ಟೋಸ್ಟ್ ಸಿಗುತ್ತದೆ. ಅಮ್ಮನಿಗೆ ಕಾಲು ನೋವು ಅಂತೀರಿ, ಅಲ್ಲೇ ಹತ್ತಿರ ಫೈವ್ ಗಾರ್ಡನ್ಸ್ ಇದೆ, ಮಳೆ ಬಿಟ್ಟಿದ್ದರೆ ಕಟ್ಟಿಸಿಕೊಂಡು ಹೋಗಿ ಬೆಂಚಿನಲ್ಲಿ ಕೂತು ತಿನ್ನಬಹುದು. ಆದರೆ ಐದೇ ನಿಮಿಷದಲ್ಲಿ ತಿನ್ನಬೇಕು, ತಣ್ಣಗಾದ ಟೋಸ್ಟ್ ಟೋಸ್ಟೇ ಅಲ್ಲ.

ಪಾರ್ಲೆ_ಪಶ್ಚಿಮ

ವಿಲೆ ಪಾರ್ಲೆ ಪಶ್ಚಿಮದಲ್ಲಿ ಮಿಠಿಬಾಯಿ ಕಾಲೇಜಿನ ಆಸುಪಾಸು ಬನ್ನಿ. ಆನಂದ್ ಸ್ಟಾಲಿನ ವಡಾ ಪಾವ್ ಹೆಸರುವಾಸಿ. ವಡಾ ಪಾವ್ ಕೂಡ ಸ್ಯಾಂಡ್‌ವಿಚ್ಚೇ ಅಲ್ವಾ? ಬ್ರೆಡ್ಡಿನ ಮಧ್ಯೆ ಬಟಾಟೆ. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಅನ್ನುವವರು ಶುರು ಮಾಡಿದ್ದು ಅಂತ ಹೇಳುತ್ತಾರೆ. ನಿಮ್ಮ ಅಮ್ಮನ ರೈಲು ಹುಬ್ಬಳ್ಳಿ–ದಾದರ್ ಆದರೆ ಇಳಿದ ಕೂಡಲೇ ಅಲ್ಲೇ ತಿನ್ನಿಸಿ. ಬೆಳ್ಳುಳ್ಳಿಯ ಒಣ ಚಟ್ನಿ ಮಾತ್ರ ಬೇಡ ಅನ್ನಿ.

ಮಾಟುಂಗಾ_ಅಡುಗೆಮನೆ

ವಡೆಯ ಒಳಗಿನ ಪಲ್ಯಕ್ಕೂ ಬೆಳ್ಳುಳ್ಳಿ ಬಿದ್ದಿರುತ್ತದೆ ಮಾರಾಯ್ರೆ. ಶ್ರಾವಣದಲ್ಲಿ ವಡಾ ಪಾವ್ ಬೇಡ.

ಪಾರ್ಲೆ_ಪಶ್ಚಿಮ

ಹೌದಲ್ಲ ಅಕ್ಕ, ಅದು ನನಗೆ ಹೊಳೆಯಲಿಲ್ಲ. ಹಾಗಿದ್ರೆ ವಡಾ ಪಾವ್ ಬಿಟ್ಟು ಟೋಸ್ಟ್ ಮಾತ್ರ ತಿನ್ನಿಸಿ.

ಪುಣೆ_ಡೆಕ್ಕನ್

ಪುಣೆಯಿಂದ ಬರೀತಿದ್ದೇನೆ. ಇಲ್ಲಿ ಸ್ಯಾಂಡ್‌ವಿಚ್ ಅಂದ್ರೆ ಹಳಬರು ಕ್ಯಾಂಪಿನ ಎಂಜಿ ರೋಡಿನ ಮಾರ್ಝ್-ಒ-ರಿನ್ ಹೆಸರು ಹೇಳ್ತಾರೆ, ಅಲ್ಲಿ ಚಿಕನ್ ಸ್ಯಾಂಡ್‌ವಿಚ್ ಪ್ರಸಿದ್ಧ. ನಿಮ್ಮ ಅಮ್ಮನಿಗೆ ಅದು ಆಗುವುದಿಲ್ಲ. ಆದರೆ ಅವರು ವಾಪಸು ಹೋಗುವಾಗ ಪುಣೆಯಲ್ಲಿ ಒಂದು ದಿನ ಇಳಿದರೆ ಡೆಕ್ಕನ್‌ನ ಗುಡ್‌ಲಕ್ ಕೆಫೆಗೆ ಕರ್ಕೊಂಡು ಬನ್ನಿ. 1935ರದ್ದು. ಬನ್ ಮಸ್ಕಾ, ಚಹಾ. ಬನ್ನಿನಲ್ಲಿ ಸಣ್ಣ ಸಿಹಿ, ಬೆಣ್ಣೆಯಲ್ಲಿ ಉಪ್ಪು, ಚಹಾದಲ್ಲಿ ಅದ್ದಿದರೆ ಬೆಣ್ಣೆ ಕರಗಿ ಮೇಲೆ ಹೊಳೆಯುತ್ತದೆ. ನಮ್ಮ ಅಪ್ಪ ವಿಜಯಪುರದಿಂದ ಬಂದಾಗೆಲ್ಲ ಮೊದಲು ಅಲ್ಲಿಗೇ ಹೋಗುವುದು.

ಮಡಗಾಂವ್_ಕಾರವಾರ

ಗೋವಾದ ಮಾತೂ ಸೇರಿಸ್ತೇನೆ, ಕಾರವಾರದವ ನಾನು, ಮಡಗಾಂವಿನಲ್ಲಿ ಕೆಲಸ. ನಿಮ್ಮ ಪಾವ್, ಬಟಾಟಾ ಎರಡೂ ಪೋರ್ಚುಗೀಸರಿಂದ ಬಂದ ಹೆಸರು. ಇಲ್ಲಿ ಈಗಲೂ ಪೋದೇರ್, ಅಂದ್ರೆ ಪಾವ್ ಮಾರುವವ, ಬೆಳಿಗ್ಗೆ ಸೈಕಲ್ಲಿನಲ್ಲಿ ಪೋಂ ಪೋಂ ಅಂತ ಹಾರ್ನ್ ಒತ್ತುತ್ತಾ ಬರ್ತಾನೆ, ಬುಟ್ಟಿಯಲ್ಲಿ ಪಾವ್, ಪೊಯಿ. ಪೊಯಿ ಅಂದ್ರೆ ತೌಡು ಹಾಕಿದ ಗೋಧಿ ಬ್ರೆಡ್, ಒಳಗೆ ಟೊಳ್ಳು, ಚೀಲದ ಹಾಗೆ ಬಿಡಿಸಿ ಪಲ್ಯ ತುಂಬಬಹುದು.

ಸಂಜೆ ಗಾಡಿಗಳಲ್ಲಿ ರೋಸ್ ಆಮ್ಲೆಟ್ (ಗ್ರೇವಿ ಸುರಿದ ಆಮ್ಲೆಟ್), ಚೋರಿಸ್ (ಹಂದಿಮಾಂಸದ ಸಾಸೇಜ್) ಪಾವ್, ಕಟ್ಲೆಟ್ ಪಾವ್. ಶಾಕಾಹಾರಿಗಳಿಗೆ ಬೆಳಗಿನ ಪಾತಳ್ ಭಾಜಿ, ಪಾವ್. ಬಟಾಣಿಯ ತೆಳು ರಸ, ತೆಂಗಿನಕಾಯಿ ಮಸಾಲೆ, ಬಿಸಿ ಬಿಸಿ. ಪಣಜಿಯಲ್ಲಿ ಕೆಫೆ ಭೋಸಲೆ, ಕೆಫೆ ತಾತೋ ಎರಡೂ ಭಾಜಿ ಪಾವಿಗೆ ಹೆಸರಾದವು. ಅವ್ವನಿಗೆ ಮುಂದಿನ ಸಲ ಶ್ರಾವಣ ಬಿಟ್ಟು ಬರಲು ಹೇಳಿ, ಇಲ್ಲಿಗೆ ಕರ್ಕೊಂಡು ಬನ್ನಿ. ಧಾರವಾಡದಿಂದ ಗೋವಾ ಏನು ದೂರ?

ಡೊಂಬಿವಲಿ_ಧಾರವಾಡ

ಎಲ್ಲರಿಗೂ ತುಂಬಾ ಧನ್ಯವಾದ. ಹೋಗಿ ಬಂದೆವು, ಅದನ್ನು ಹೇಳಲು ಬಂದೆ.

ರಾತ್ರಿಶಾಲೆ ಸರ್ ಹೇಳಿದ ಹಾಗೆ ಬುಧವಾರ ಮೂರೂವರೆಗೆ ಫೋರ್ಟಿಗೆ ಹೋದೆವು. ಸಣ್ಣ ಮಳೆ. ಅದೇ ಜಾಗ, ನೀಲಿ ಟಾರ್ಪಾಲು ಕಟ್ಟಿಕೊಂಡು ಅದೇ ಮನುಷ್ಯ ನಿಂತಿದ್ದ. ಅವ್ವ ದೂರದಿಂದಲೇ ಗುರುತು ಹಿಡಿದಳು. "ಅದಾನ ನೋಡು" ಅಂದಳು.

ನಾನು ಈರುಳ್ಳಿ ಬೆಳ್ಳುಳ್ಳಿ ವಿಷಯ ಬಿಡಿಸಿ ಹೇಳಿದೆ. ಚಟ್ನಿಗೆ ಬೆಳ್ಳುಳ್ಳಿ ಹಾಕುವುದಿಲ್ಲ, ಪಲ್ಯಕ್ಕೂ ಕಾಂದಾ ಇಲ್ಲ, ಮೇಲಿಂದ ಕೊಯ್ದು ಹಾಕುವುದು ಅಷ್ಟೇ ಅಂದ. ಅಷ್ಟಕ್ಕೇ ಬಿಡದೆ, ಈರುಳ್ಳಿ ಕೊಯ್ದಿದ್ದ ಚಾಕು ಪಕ್ಕಕ್ಕಿಟ್ಟು, ಕೆಳಗಿನ ಡಬ್ಬಿಯಿಂದ ಬೇರೆ ಚಾಕು ತೆಗೆದು ಒರೆಸಿಕೊಂಡ. ಯಾರೂ ಕೇಳಿರಲಿಲ್ಲ. ಅವ್ವ ಅದನ್ನು ನೋಡಿದಳು. ಅಂಗೈಯಲ್ಲಿ ಟೊಮೆಟೊ ಹಿಡಿದು ಬ್ರೆಡ್ಡಿನ ಮೇಲೆ ನೇರ ಕೊಯ್ಯುವಾಗ ನಾನೂ ನೋಡಿದೆ, ಮಾಟುಂಗಾ ಅಕ್ಕ ಹೇಳಿದ ಹಾಗೆಯೇ, ಎಲ್ಲಿಯೂ ಬ್ರೆಡ್ ಕಾಣಲಿಲ್ಲ. ಎಂಟು ವರ್ಷದಿಂದ ತಿಂತಿದ್ದೇನೆ, ಒಂದು ಸಲವೂ ಗಮನಿಸಿರಲಿಲ್ಲ.

ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ವಾಚ್‌ಮನ್ ಕುರ್ಚಿ ಹಾಕಿಕೊಟ್ಟರು, ಅವ್ವ ಅಲ್ಲಿ ಕೂತು ತಿಂದಳು. ಆರು ತುಂಡು ಮಾಡಿ, ಮೇಲೆ ಬೆಣ್ಣೆ ಸವರಿ, ಸೇವ್ ಉದುರಿಸಿ ಕೊಟ್ಟಿದ್ದ. ಮೊದಲ ತುಂಡು ಬಾಯಿ ಸುಟ್ಟಿತು, ಆದರೂ ಬಿಡಲಿಲ್ಲ. ಮೂರು ತಿಂದ ಮೇಲೆ, "ಪಲ್ಯ ನಮ್ಮದೇ. ಹಸಿಮೆಣಸಿನಕಾಯಿ ಇನ್ನೊಂದೀಟು ಬೇಕಿತ್ತು" ಅಂದಳು. ಉಳಿದ ಮೂರನ್ನು ನನಗೆ ಕೊಡ್ತಾಳೆ ಅಂದುಕೊಂಡಿದ್ದೆ, ಕೊಡಲಿಲ್ಲ. ನಾನು ಬೇರೆ ತಗೊಂಡೆ. ಹೊಟ್ಟೆಗೆ ಇಬ್ಬರಿಗೂ ಏನೂ ಆಗಲಿಲ್ಲ.

ಈಗ ಇನ್ನೊಂದು ಪ್ರಶ್ನೆ. ಆ ಉದ್ದ ಹಿಡಿಯ ಟೋಸ್ಟರ್ ತನಗೂ ಬೇಕು ಅಂತಿದ್ದಾಳೆ, ಊರಿಗೆ ಒಯ್ಯಲು. ಕರೆಂಟಿನದು ಬೇಡವಂತೆ, ಒಲೆ ಮೇಲೆ ಇಡುವುದೇ ಬೇಕಂತೆ. ಎಲ್ಲಿ ಸಿಗುತ್ತದೆ? ಶುಕ್ರವಾರ ರಾತ್ರಿ ಅವಳ ರೈಲು.

ಮಾಟುಂಗಾ_ಅಡುಗೆಮನೆ

ಓದಿ ಕಣ್ಣು ತುಂಬಿತು. ಭುಲೇಶ್ವರದ ಪಾತ್ರೆ ಅಂಗಡಿಗಳಲ್ಲಿ ಕೇಳಿ, ಸಿಗುತ್ತದೆ. ಅಲ್ಯೂಮಿನಿಯಮ್ಮಿನದು, ಎರಡು ತಟ್ಟೆ, ಹಿಡಿಗೆ ಮರ ಅಥವಾ ಪ್ಲಾಸ್ಟಿಕ್ಕು. ತಗೊಳ್ಳುವ ಮೊದಲು ಮುಚ್ಚಿ ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಸಂದು ಇರಬಾರದು. ಹಿಡಿಯ ಕೊಕ್ಕೆ ಗಟ್ಟಿ ಇರಲಿ. ಮೊದಲ ಸಲ ಬಳಸುವ ಮುನ್ನ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಎರಡು ಸಲ ಕಾಯಿಸಿ ಒರೆಸಲು ಹೇಳಿ, ಇಲ್ಲದಿದ್ದರೆ ಬ್ರೆಡ್ ಕಚ್ಚಿಕೊಳ್ಳುತ್ತದೆ.

ನಾಳೆ ಶುಕ್ರವಾರ ಮಧ್ಯಾಹ್ನದೊಳಗೆ ಮಾಟುಂಗಾ ಸ್ಟೇಷನ್ ಹತ್ತಿರ ಬರಲು ಆದರೆ ಮೆಸೇಜ್ ಹಾಕಿ. ಹುರಿದ ಸ್ಯಾಂಡ್‌ವಿಚ್ ಮಸಾಲೆ ಒಂದು ಡಬ್ಬಿ ಅಮ್ಮನಿಗೆ ಕೊಡ್ತೇನೆ.

ಡೊಂಬಿವಲಿ_ಧಾರವಾಡ

ಹನ್ನೊಂದು ಗಂಟೆಗೆ ಬರ್ತೇವೆ ಅಕ್ಕ. ಅವ್ವ ಧಾರವಾಡದಿಂದ ತಂದ ಪೇಢೆ ಇನ್ನೂ ಒಂದು ಡಬ್ಬಿ ಇದೆ, ಅದನ್ನು ನಿಮಗೇ ಕೊಡಬೇಕಂತೆ.